ಎದುರ ಕುಂತಾಕಿ

ಮೊದಲು ಆ ಫೋನುಗಳನ್ನು ಬೋರಲು ಹಾಕಿ. ಬೆಳಕು ಮುಖಕ್ಕೆ ಹೊಡೆಯುತ್ತಿದ್ದರೆ ನನಗೆ ಬಾಯಿ ಏಳುವುದಿಲ್ಲ. ಮತ್ತೆ, ನಡುವೆ ಯಾರೂ ನಗಬಾರದು. ನಕ್ಕರೆ ನಾನು ಎದ್ದು ಹಾಸಿಗೆಗೆ ಹೋಗುವವನೇ. ಅರ್ಧ ಕತೆ ಹೊಟ್ಟೆಯಲ್ಲಿಟ್ಟುಕೊಂಡು ಬೆಳತನಕ ನೀವೇ ಒದ್ದಾಡಬೇಕು. ಇದು ನಮ್ಮ ಚಿಕ್ಕಪ್ಪನ ಮಗಳು ಹೇಮಾವತಿಗೆ ಆದದ್ದು. ಪಂಚಾಯತಿಯಲ್ಲಿ ಕಂಪ್ಯೂಟರ್ ಆಪರೇಟರ್ ಇದ್ದಾಳಲ್ಲ, ಅವಳಿಗೇ.

ಆ ರಾತ್ರಿ ಅವಳು ತಾವರಗೇರಾದಿಂದ ಕಡೆಯ ಬಸ್ಸಿಗೆ ಬಂದು ನಮ್ಮೂರ ಕ್ರಾಸಿನಲ್ಲಿ ಇಳಿದಳು. ಇಳಿದವಳು ಒಬ್ಬಳೇ. ಬಸ್ಸಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು... ಆಮೇಲೆ ಕತ್ತಲು. ಎರಡೂ ಕಡೆ ಜೋಳ ಒಣಗಿ ನಿಂತಿತ್ತು. ಗಾಳಿ ಬಂದರೆ ಸರ ಸರ, ನಿಂತರೆ ಏನೂ ಇಲ್ಲ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಟವೆಲಿನಲ್ಲಿ ಸುತ್ತಿದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು. ಅದನ್ನು ಎದೆಗೆ ಒತ್ತಿಕೊಂಡು ನಡೆದಳು.

ಊರ ಮುಂದೆ ಹಳೇ ಬಾವಿ, ಬಾವಿಗೆ ಬಾಗಿದ ಆಲದ ಮರ. ನಿಮಗೆಲ್ಲ ಗೊತ್ತಿದ್ದದ್ದೇ. ಕಟ್ಟೆಯ ಮೇಲೆ ಒಂದು ಬೀಡಿಯ ಕಿಡಿ ಕಂಡಿತು. ಹೇಮಿಯ ಕಾಲು ನಿಂತಿತು. ನೋಡಿದರೆ ನೀರಗಂಟಿ ಓಬಳೆಪ್ಪ. ರಾತ್ರಿ ವಾಲ್ವ್ ತಿರುವಿ ಊರಿಗೆ ನೀರು ಬಿಡುವವನು.

"ಹೇಮವ್ವ..."

"ಏನ್ ಓಬಳೆಪ್ಪಣ್ಣ?"

"ಸಾವಕಾಶ ಮಾತಾಡು." ಅವನು ದನಿ ಇಳಿಸಿದ. "ನಿಮ್ಮ ಮನಿಗೆ ಯಾರರ ಬಂದಾರೇನು?"

"ಯಾರಿಲ್ಲ. ಯಾಕ?"

"ಕೀಲಿ ಹಾಕೀಯಿಲ್ಲೋ?"

"ಹಾಕೀನಿ."

ಓಬಳೆಪ್ಪ ಬೀಡಿಯನ್ನು ಕಟ್ಟೆಗೆ ಒತ್ತಿ ಆರಿಸಿದ. "ಮತ್ತ ಒಳಗ ಬೀಸಾಕತ್ತಾರಲ್ಲವ್ವ..."

ಇಬ್ಬರೂ ಉಸಿರು ಹಿಡಿದು ಕೇಳಿದರು. ಪೈಪಿನಲ್ಲಿ ನೀರು ಗುಳು ಗುಳು ಅನ್ನುತ್ತಿತ್ತು. ಆಮೇಲೆ... ಮನೆಯ ಕಡೆಯಿಂದ... ಕರ್ರ್... ಕರ್ರ್... ಕಲ್ಲಿಗೆ ಕಲ್ಲು ತಿಕ್ಕುವ ಸದ್ದು. ಸ್ವಲ್ಪ ಹೊತ್ತು ತಿರುಗಿತು. ನಿಂತಿತು.

"ಖಾಲಿ ಕಲ್ಲು," ಅಂದ ಓಬಳೆಪ್ಪ. "ಅದರಾಗ ಕಾಳಿಲ್ಲ."

ನಾವಾಗಿದ್ದರೆ ಅಲ್ಲಿಂದಲೇ ಓಟ ಕೀಳುತ್ತಿದ್ದೆವು. ಹೇಮಿ ಓಡಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಚಾಲೂ ಬಿಟ್ಟು ಹೋಗಿದ್ದಳು. ಅದರೊಳಗೆ ಒಂದು ಬೀಸುವ ಪದದ ರೆಕಾರ್ಡಿಂಗ್ ಇತ್ತು. ಅದೇ ತನ್ನಷ್ಟಕ್ಕೆ ಹಾಡಿಕೊಂಡಿರಬೇಕು ಅಂದುಕೊಂಡಳು. ಓಬಳೆಪ್ಪನಿಗೂ ಹಾಗೇ ಹೇಳಿ ಮುಂದೆ ನಡೆದಳು. ಅವನು ಕೇಳಿಸಿಕೊಂಡ, ಆದರೆ ಅವಳ ಜೊತೆ ಬರಲಿಲ್ಲ.

ಆ ಪದ ಯಾರದು ಅಂತ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೇಮಿಯ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಮದುವೆ ಮಾಡಿ ಕೊಟ್ಟೆವು, ಒಂದು ವರ್ಷ ನಿಲ್ಲಲಿಲ್ಲ. ನಮ್ಮ ಮನೆಗೆ ಬಾ ಅಂದರೆ ಬರಲಿಲ್ಲ. ಹುಡುಗಿಗೆ ಹಟ. ಪಂಚಾಯತಿ ಕೆಲಸ ಸಿಕ್ಕ ಮೇಲೆ ಫಕೀರಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಫಕೀರಮ್ಮನಿಗೂ ಗಂಡನಿಲ್ಲ, ಮಕ್ಕಳಿಲ್ಲ. ಓಣಿಯ ತುದಿಯಲ್ಲೇ ಹಿಟ್ಟಿನ ಗಿರಣಿ ಇದ್ದರೂ "ಗಿರಣಿ ಹಿಟ್ಟು ಸುಟ್ಟಿರತೈತಿ" ಅಂತ ಮೂಗು ಮುರಿದು, ನಸುಕಿನಲ್ಲೆದ್ದು ಪಡಸಾಲೆಯ ಬೀಸುವ ಕಲ್ಲಿಗೆ ಕೂರುತ್ತಿದ್ದಳು. ಬೀಸುತ್ತ ಹಾಡುತ್ತಿದ್ದಳು. ಹೇಮಿಗೆ ಅಲಾರಾಂ ಬೇಕಿರಲಿಲ್ಲ.

ಆ ಪದಗಳಲ್ಲಿ ಒಂದು ಇಬ್ಬರು ಕೂತು ಹಾಡುವಂಥದ್ದು. ಕಲ್ಲು ಎಳೆಯುವವಳು ಕೇಳಬೇಕು:

"ಜೋಳದ ರಾಶೀಗೆ ಜೋಡಿ ಕಲ್ಲ ಹೂಡೀನಿ,
ಎದುರ ಕುಂತಾಕಿ ಯಾರವ್ವ?"

ಎದುರಿಗೆ ಕೂತವಳು ತನ್ನ ಹೆಸರು ಹಾಕಿ ಸೊಲ್ಲು ಹಿಡಿಯಬೇಕು. ಹೆಸರು ಬರುವವರೆಗೂ ಪದ ಮುಂದಕ್ಕೆ ಹೋಗುವುದಿಲ್ಲ, ಕಲ್ಲೂ ತಿರುಗುವುದಿಲ್ಲ. ರಜೆಯ ದಿನ ಹೇಮಿಯೂ ಎದುರಿಗೆ ಕೂತು, ಗೂಟಕ್ಕೆ ಕೈ ಹಚ್ಚಿ, ನಾಚಿಕೊಂಡು ಹೇಳುತ್ತಿದ್ದಳು:

"ನಾನ ಕುಂತೀನಿ, ನಿನ್ನ ಹೇಮವ್ವ,
ಕೈಗೂಡಿ ಕಲ್ಲ ಎಳಿಯವ್ವ."

ತನ್ನನ್ನು 'ನಿನ್ನ' ಅಂತ ಹೇಳಿಕೊಳ್ಳಲು ಅವಳಿಗೆ ಈ ಲೋಕದಲ್ಲಿ ಇದ್ದದ್ದು ಆ ಒಂದೇ ಜಾಗ. ಬೀಸಿ ಮುಗಿದ ಮೇಲೆ ಫಕೀರಮ್ಮ ಕಲ್ಲಿನ ಬಾಯಲ್ಲಿ ಒಂದು ಹಿಡಿ ಕಾಳು ಬಿಟ್ಟು, ಮೇಲೆ ಅರಿವೆ ಮುಚ್ಚುತ್ತಿದ್ದಳು. ಕಲ್ಲು ಬರಿದಾಗಬಾರದು, ಖಾಲಿ ಕಲ್ಲನ್ನು ಯಾರೂ ತಿರುವಬಾರದು. ಮನೆಗೆ ಕೇಡು ಅನ್ನುತ್ತಿದ್ದಳು.

ಹೋದ ವರ್ಷ ಮುದುಕಿಗೆ ಕೆಮ್ಮು ಹತ್ತಿತು. ಹೇಮಿಗೆ ಅಂಜಿಕೆ ಆಯಿತು. ಈ ದನಿ ಹೋದರೆ ಏನು ಮಾಡಲಿ ಅಂತ ತಾವರಗೇರಾಕ್ಕೆ ಹೋಗಿ, ಮದುವೆ ಶೂಟಿಂಗ್ ಮಾಡುವ ಸ್ಟುಡಿಯೋ ಮುಜೀಬನ ಹತ್ತಿರ ಮೈಕು ಕೇಳಿದಳು. ಮುಜೀಬ ಒಳ್ಳೆಯ ಹುಡುಗ, ಆದರೆ ಕೆಲಸದಲ್ಲಿ ಭಾರೀ ಶಿಸ್ತು.

"ಕಾಳಿನ ಸಪ್ಪಳ ದನಿ ನುಂಗತೈತ್ರಿ ಮೇಡಂ," ಅಂದ. "ಕಲ್ಲು ಖಾಲಿ ತಿರುವಸ್ರಿ. ನೀವು ಬಾಯಿ ತಗೀಬ್ಯಾಡ್ರಿ. ಬಳಿ ಸೈತ ತಗದಿಡ್ರಿ. ಈ ಮೈಕು ಇರವಿ ನಡದ್ರೂ ಹಿಡೀತೈತಿ."

ಮೈಕು ತಂದು ಮರುದಿನ ನಸುಕಿನಲ್ಲಿ ಹೇಮಿ ಹಾಗೇ ಮಾಡಿದಳು. ಬಳೆ ತೆಗೆದು ಗೋಡೆಯ ಮಾಡದಲ್ಲಿಟ್ಟಳು. ಕಲ್ಲಿನ ಬಾಯಿಯ ಹಿಡಿ ಕಾಳನ್ನೂ ಬಳಿದು ತೆಗೆದಳು. ಫಕೀರಮ್ಮ ನೋಡುತ್ತಲೇ ಇದ್ದಳು.

"ಖಾಲಿ ಕಲ್ಲು ತಿರುವಬಾರದವ್ವ."

"ಒಂದ ಸಲ ಆಯಿ. ದನಿ ಛಲೋ ಬರತೈತಿ."

"ನಿನ್ನ ಸಲುವಾಗಿ," ಅಂತ ಮುದುಕಿ ಗೂಟ ಹಿಡಿದಳು. ಕರ್ರ್... ಕರ್ರ್... ಹಾಡಿದಳು. ಎದುರ ಕುಂತಾಕಿ ಯಾರವ್ವ ಅಂತ ಕೇಳಿ, ಕಲ್ಲು ನಿಲ್ಲಿಸಿ, ಹೇಮಿಯ ಮುಖ ನೋಡಿದಳು. ಹೇಮಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ನೀನೇ ಮುಂದುವರಿಸು ಅಂತ ಸನ್ನೆ ಮಾಡಿದಳು. ಫಕೀರಮ್ಮ ಸ್ವಲ್ಪ ಹೊತ್ತು ಕಾದಳು... ಎಲ್ಲೋ ಒಂದು ಕೋಳಿ ಕೂಗಿತು... ಆಮೇಲೆ ಎದುರಿನ ಗೋಡೆ ನೋಡುತ್ತ ತಾನೇ ಸೊಲ್ಲು ಹಿಡಿದಳು:

"ಎದುರ ಗ್ವಾಡಿ ಐತವ್ವ, ಮತ್ಯಾರಿಲ್ಲ."

ಪದ ಮುಗಿಸಿ "ಆತಾ?" ಅಂದು ಎದ್ದು ಹೋದಳು. ಆಮೇಲೆ ಅವಳು ಕಲ್ಲಿಗೆ ಕೂರಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹೇಮಿಗೆ ತಾನಾಗಿ ಎಚ್ಚರವಾಯಿತು, ಬಿಸಿಲೇರಿತ್ತು. ಪಡಸಾಲೆಗೆ ಹೋಗಿ ನೋಡಿದರೆ ಮುದುಕಿ ಮಲಗಿದಲ್ಲೇ ತೀರಿಕೊಂಡಿದ್ದಳು.

ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಆ ಮನೆಯಲ್ಲಿ ಹೇಮಿ ಒಬ್ಬಳೇ ಆದಳು. ಸಂಜೆ ಕೀಲಿ ತೆಗೆಯುವುದು, ಒಬ್ಬಳಿಗೆ ರೊಟ್ಟಿ ಬಡಿಯುವುದು, ಆ ಪದ ಹಚ್ಚಿಕೊಂಡು ಉಣ್ಣುವುದು. 'ಮತ್ಯಾರಿಲ್ಲ' ಬರುವ ಹೊತ್ತಿಗೆ ಎದ್ದು ಹೋಗಿ ನಲ್ಲಿ ಬಿಡುತ್ತಿದ್ದಳು, ಕೇಳಬಾರದೆಂದು. ಇದನ್ನು ಅವಳೇ ನನಗೆ ಹೇಳಿದ್ದು. ಹೇಳುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಹೀಗಿರುವಾಗ ಕಂಪ್ಯೂಟರಿನ ಹೊಟ್ಟೆಯಲ್ಲಿ ಟಕ್... ಟಕ್... ಅಂತ ಸದ್ದು ಶುರುವಾಯಿತು. ಒಳಗಿನ ಡಿಸ್ಕು ಸಾಯುವ ಲಕ್ಷಣ ಅದು. ಪಂಚಾಯತಿಯ ದಾಖಲೆಗಳಿಗೆ ದಿನಾ ಸಂಜೆ ಬ್ಯಾಕಪ್ ತೆಗೆಯುವ ಮಹಾತಾಯಿ, ತನ್ನದಕ್ಕೆ ಒಮ್ಮೆಯೂ ತೆಗೆದಿರಲಿಲ್ಲ! ಗಾಬರಿಬಿದ್ದು ಒಂದು ಎಕ್ಸ್‌ಟರ್ನಲ್ ಡಿಸ್ಕು ತಂದು ಹಚ್ಚಿದಳು. ಫೋಟೊಗಳು ಹೋದವು. ಕಾಗದಪತ್ರಗಳು ಹೋದವು. ಪದದ ಸರದಿ ಬಂದಾಗ ಹಸಿರು ಪಟ್ಟಿ ಅರ್ಧಕ್ಕೆ ನಿಂತಿತು. 'ಫೈಲು ಬಳಕೆಯಲ್ಲಿದೆ. ಮುಚ್ಚಿ ಮತ್ತೆ ಪ್ರಯತ್ನಿಸಿ' ಅಂತ ಬಂತು. ಅವಳು ಯಾವುದನ್ನೂ ತೆರೆದಿರಲಿಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು. ಅದೇ ಉತ್ತರ.

ಮುಜೀಬ ಬಂದ. ಕೇಬಲ್ ಬದಲಿಸಿದ. ಮುಂದಿನ ತೂತಿನಿಂದ ಕಿತ್ತು ಹಿಂದಿನ ತೂತಿಗೆ ಹಾಕಿದ. ಎಕ್ಸ್‌ಟರ್ನಲ್ ಡಿಸ್ಕನ್ನು ಒರೆಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿದ. ವೈರಸ್ ಹುಡುಕಿದ. ಮಿಕ್ಕಿದ್ದೆಲ್ಲ ಹೋಗುತ್ತದೆ, ಅದೊಂದು ಹೋಗುವುದಿಲ್ಲ. ಹಾಡಿಸಿ ಫೋನಿನಲ್ಲಿ ಹಿಡಿಯೋಣ ಅಂತ ನೋಡಿದರೆ, ಈಗ ಹಾಡೂ 'ಯಾರವ್ವ' ಅನ್ನುವಲ್ಲಿಗೆ ಬಂದು ನಿಲ್ಲತೊಡಗಿತ್ತು.

"ಮೈಕಿನ ಕಾರ್ಡಿನಾಗ ಇರಬೇಕಲ್ಲೋ?" ಅಂದಳು ಹೇಮಿ.

"ಆ ಕಾರ್ಡಿನ ಮ್ಯಾಲ ಆಗಲೇ ಭಾಳ ಮದುವಿ ಆಗ್ಯಾವ್ರಿ," ಅಂದ ಮುಜೀಬ, ತಲೆ ತಗ್ಗಿಸಿ. ಆಮೇಲೆ ಪರದೆಯ ಮೇಲಿನ ಸಾಲನ್ನು ಮತ್ತೊಮ್ಮೆ ಓದಿದ. "ಡಿಸ್ಕ್ ಕೆಟ್ಟಿದ್ರ ಓದಾಕ ಬರಂಗಿಲ್ಲ ಅನ್ನಬೇಕಿತ್ತು. ಇದು ಬಳಕೆಯಲ್ಲಿದೆ ಅಂತೈತಿ. ಅಂದ್ರ ಯಾರೋ ತಗದು ಕುಂತಾರ್ರೀ... ಯಾರು?"

ಹೇಮಿ ಪಡಸಾಲೆಯ ಕಡೆ ತಿರುಗಿ ನೋಡಿದಳು.

"ಒಂದು ಮಾತು ನೆನಪಿಡ್ರಿ," ಅಂದ ಹೋಗುವಾಗ. "ಈ ಡಿಸ್ಕ್ ಇನ್ನೊಮ್ಮೆ ಆರಿದ್ರ ಮತ್ತ ಏಳಂಗಿಲ್ಲ. ಚಾಲೂನ ಇರಲಿ. ನಂದೊಂದು ಡಿಸ್ಕ್ ಐತಿ, ಎಂದೂ ಕೈ ಕೊಟ್ಟಿಲ್ಲ. ಸ್ಟುಡಿಯೋಕ ಬಂದು ಒಯ್ರಿ, ಕಡೀದೊಂದು ಸಲ ನೋಡೂಣು."

ಆ ಡಿಸ್ಕನ್ನೇ ಅವಳು ಆ ರಾತ್ರಿ ಎದೆಗೊತ್ತಿಕೊಂಡು ಬಾವಿ ದಾಟಿ ಬಂದದ್ದು. ಗೊತ್ತಾಯಿತಲ್ಲ? ಈಗ ಬಾಗಿಲ ಹತ್ತಿರ ಬನ್ನಿ.

ಕೀಲಿ ತಿರುಗಿತು, ಕಟ್. ಬಾಗಿಲು ಕಿರ್ರ್ ಅಂತು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಪಕ್ಕ ಬೀಸುವ ಕಲ್ಲು. ಅದರ ಮೇಲೆ ಮುಚ್ಚಿದ್ದ ಅರಿವೆ ಮಡಚಿ ಪಕ್ಕಕ್ಕೆ ಇಟ್ಟಿತ್ತು. ಬೆಕ್ಕು ಎಳೆದಿರಬೇಕು ಅಂದುಕೊಂಡಳು. ಬೆಕ್ಕು ಎಲ್ಲಾದರೂ ಅರಿವೆ ಮಡಚುತ್ತದೆಯೇ... ಅದನ್ನು ಅವಳು ಆಗ ಯೋಚಿಸಲಿಲ್ಲ.

ಹಿಂದಿನ ಕೋಣೆಗೆ ಹೋದಳು. ಕಂಪ್ಯೂಟರ್ ಚಾಲೂ ಇತ್ತು. ಸ್ಪೀಕರಿನ ಕಡೆ ನೋಡಿದಳು. ಅದರ ಪ್ಲಗ್ಗು ಕೆಳಗೆ ಬಿದ್ದಿತ್ತು. ಬೆಳಿಗ್ಗೆ ಫೋನು ಚಾರ್ಜಿಗೆ ಹಾಕಲು ಅವಳೇ ಕಿತ್ತದ್ದು. ಹಾಗಾದರೆ ಬಾವಿಯ ಹತ್ತಿರ ಕೇಳಿಸಿದ್ದು ಕಂಪ್ಯೂಟರಿನ ಸದ್ದಲ್ಲ.

ಆದರೂ ಡಿಸ್ಕು ಹಚ್ಚಿದಳು. ನೀಲಿ ದೀಪ ಮಿನುಗಿತು. ಫೋಟೊಗಳು... ಕಾಗದಗಳು... ಪದ. ಹಸಿರು ಪಟ್ಟಿ ಹೊರಟಿತು. ಅರ್ಧಕ್ಕೆ ಬಂದು ನಿಂತಿತು. 'ಫೈಲು ಬಳಕೆಯಲ್ಲಿದೆ.' ಮತ್ತೆ ಪ್ರಯತ್ನಿಸು ಅಂತ ಒತ್ತಿದಳು.

ಪಡಸಾಲೆಯಲ್ಲಿ ಕಲ್ಲು ತಿರುಗಿತು. ಕರ್ರ್... ಕರ್ರ್...

ನಿಂತಿತು.

ಹೇಮಿಯ ಬೆರಳು ಮೌಸಿನ ಮೇಲೇ ಉಳಿಯಿತು. ಡಿಸ್ಕು ಟಕ್... ಅಂತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ ಕಲ್ಲು ತಿರುಗಿತು. ಈ ಸಲ ಅದರ ಜೊತೆ ದನಿಯೂ ಬಂತು. ಕೆಮ್ಮು ಹತ್ತಿದ ದನಿ, ತೀರ ಮೆಲ್ಲಗೆ...

"ಎದುರ ಕುಂತಾಕಿ ಯಾರವ್ವ?"

ಆಮೇಲೆ ಏನೂ ಇಲ್ಲ. ಯಾರೋ ಕಾಯುತ್ತ ಕೂತರೆ ಇರುತ್ತದಲ್ಲ, ಆ ಥರದ ಮೌನ.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಪೀಂ... ಪೀಂ... ಹಳೆಯ ಯುಪಿಎಸ್, ಬಹಳ ಹೊತ್ತು ತಡೆಯುವಂಥದ್ದಲ್ಲ. ಅದು ನಿಂತರೆ ಡಿಸ್ಕು ಸಾಯುತ್ತದೆ, ಡಿಸ್ಕಿನ ಜೊತೆ ಆ ದನಿಯೂ ಹೋಗುತ್ತದೆ.

ಹೇಮಿ ನನಗೆ ಹೇಳಿದ ಮಾತು ಇದು. "ಹೆದರಿಕಿ ಆತು ಅಣ್ಣ, ಖರೇ ಹೇಳ್ತೀನಿ. ಆದ್ರ ಹೆದರಿಕಿಕಿಂತ ನಾಚಿಕಿ ಹೆಚ್ಚಾತು. ಆಯಿ ಮತ್ತ ಮತ್ತ ಕೇಳಾಕತ್ತಾಳ. ಅವತ್ತೂ ಬಾಯಿ ಮುಚಗೊಂಡು ಕುಂತಿದ್ದೆ, ಇವತ್ತೂ ಬಾಯಿ ಮುಚಗೊಂಡ ಕುಂತೀನಿ."

ಇನ್ನೊಮ್ಮೆ 'ಮತ್ತೆ ಪ್ರಯತ್ನಿಸು' ಒತ್ತಿ ಎದ್ದಳು. ಕತ್ತಲಲ್ಲೇ ಡಬ್ಬಿ ತಡಕಿ, ಮೊರದ ತುಂಬ ಜೋಳ ಸುರುವಿಕೊಂಡು ಪಡಸಾಲೆಗೆ ಬಂದಳು. ಕಲ್ಲಿನ ಈಚೆ ಕೂತಳು. ಆಚೆ ಕಡೆ ನೋಡಲಿಲ್ಲ. ನೋಡಬಾರದು ಅನಿಸಿತಂತೆ. ಒಂದು ಹಿಡಿ ಕಾಳು ಕಲ್ಲಿನ ಬಾಯಿಗೆ ಹಾಕಿ ಗೂಟ ಹಿಡಿದಳು... ಗೂಟ ಬೆಚ್ಚಗಿತ್ತು. ಈಗಷ್ಟೇ ಯಾರೋ ಹಿಡಿದಿದ್ದ ಹಾಗೆ.

"ನಾನ ಕುಂತೀನಿ..." ಅಂದಳು. ದನಿ ಒಡೆಯಿತು. ಮತ್ತೆ ಹಿಡಿದಳು. "ನಾನ ಕುಂತೀನಿ, ನಿನ್ನ ಹೇಮವ್ವ, ಕೈಗೂಡಿ ಕಲ್ಲ ಎಳಿಯವ್ವ."

ಕಲ್ಲು ತಿರುಗಿತು. ಫಕೀರಮ್ಮನ ಪಳಗಿದ ಕೈ ಬಿಟ್ಟರೆ ಅದು ಒಬ್ಬರಿಗೆ ಬಗ್ಗುವ ಕಲ್ಲಲ್ಲ, ನಾನೇ ಎಳೆದು ನೋಡಿದ್ದೇನೆ, ಭುಜ ಬಿದ್ದುಹೋಗುತ್ತದೆ. ಆ ರಾತ್ರಿ ಹಗುರಾಗಿ ತಿರುಗಿತಂತೆ. ಕರ್ರ್ ಅನ್ನುವುದು ಹೋಗಿ ಜುರು ಜುರು ಅನ್ನತೊಡಗಿತು. ಕಾಳು ಒಡೆದು ಹಿಟ್ಟಿನ ವಾಸನೆ ಎದ್ದಿತು. ಕೈಯ ಬಳೆ ಕಿಣಿ ಕಿಣಿ ಅನ್ನುತ್ತಿದ್ದವು. ಹೇಮಿ ಅಳುತ್ತ ಪದ ಪೂರ್ತಿ ಹಾಡಿದಳು. ಅವಳು ಹಾಡಿದ್ದು ತನ್ನ ಸೊಲ್ಲುಗಳನ್ನಷ್ಟೇ. ನಡುವಿನ ಸೊಲ್ಲುಗಳನ್ನು ಯಾರು ಹಾಡಿದರು ಅಂತ ನಾನು ಕೇಳಿದೆ. ಅವಳು ಎದ್ದು ಕಲ್ಲಿನ ಮೇಲಿನ ಅರಿವೆ ಸರಿ ಮಾಡಿದಳು, ನಾನೂ ಒತ್ತಾಯ ಮಾಡಲಿಲ್ಲ.

ಯುಪಿಎಸ್ ಅಷ್ಟೂ ಹೊತ್ತು ಕೂಗುತ್ತಲೇ ಇತ್ತು. ಪೀಂ ಪೀಂ ಪೀಂ ಅಂತ ಅವಸರ ಮಾಡಿ, ಕೊನೆಗೆ ಒಂದೇ ಉದ್ದನೆಯ ಕೂಗು ಕೂಗಿ ನಿಂತಿತು. ಹಿಂದಿನ ಕೋಣೆಯ ಬೆಳಕು ಆರಿತು. ಪದ ಹೋಯಿತೋ ಉಳಿಯಿತೋ ಅವಳಿಗೆ ಗೊತ್ತಾಗಲಿಲ್ಲ. ಕಲ್ಲಿನ ಬಾಯಲ್ಲಿ ಒಂದು ಹಿಡಿ ಕಾಳು ಬಿಟ್ಟು, ಅರಿವೆ ಮುಚ್ಚಿ, ಅದರ ಪಕ್ಕದಲ್ಲೇ ಮಲಗಿಬಿಟ್ಟಳು. ಮುದುಕಿ ಹೋದ ಮೇಲೆ ಆ ಮನೆಯಲ್ಲಿ ಅವಳಿಗೆ ಅಂಥ ನಿದ್ದೆ ಬಂದದ್ದು ಅದೇ ಮೊದಲು.

ಬೆಳಿಗ್ಗೆ ಕರೆಂಟು ಬಂತು, ಕಂಪ್ಯೂಟರ್ ಏಳಲಿಲ್ಲ. ಟಕ್ ಅನ್ನುವ ಸದ್ದೂ ಇಲ್ಲ. ಮೊದಲ ಬಸ್ಸಿಗೇ ಡಿಸ್ಕು ಹಿಡಿದುಕೊಂಡು ತಾವರಗೇರಾಕ್ಕೆ ಹೋದಳು. ಮುಜೀಬ ಆಗಷ್ಟೇ ಶಟರ್ ಎತ್ತುತ್ತಿದ್ದ. ಅವನ ಕಂಪ್ಯೂಟರಿಗೆ ಹಚ್ಚಿದರು.

"ಬಂದೈತ್ರಿ ಮೇಡಂ! ಪೂರಾ ಬಂದೈತಿ!" ಅಂತ ಕುಣಿದಾಡಿದ. ತಾರೀಖು ನೋಡಿದ. ಹೋದ ವರ್ಷ ರೆಕಾರ್ಡ್ ಮಾಡಿದ ದಿನದ್ದೇ ಇತ್ತು. ಹಾಡಿಸಿದ.

ಕರ್ರ್... ಕರ್ರ್... ಖಾಲಿ ಕಲ್ಲು. ಫಕೀರಮ್ಮನ ದನಿ. "ಎದುರ ಕುಂತಾಕಿ ಯಾರವ್ವ?" ಕಲ್ಲು ನಿಂತಿತು. ಮುಂದಿನದು 'ಗ್ವಾಡಿ ಐತವ್ವ' ಅಂತ ಹೇಮಿಗೆ ಗೊತ್ತು. ಕಣ್ಣು ಮುಚ್ಚಿಕೊಂಡಳು. ಆ ಸ್ಟುಡಿಯೋದಲ್ಲಿ ಬಿಡಲು ನಲ್ಲಿ ಇರಲಿಲ್ಲ.

ಕೋಳಿ ಕೂಗಿತು... ಆಮೇಲೆ...

"ನಾನ ಕುಂತೀನಿ, ನಿನ್ನ ಹೇಮವ್ವ."

ಮುಜೀಬ ತಟ್ಟನೆ ನಿಲ್ಲಿಸಿದ. "ಮೇಡಂ... ಅವತ್ತ ನೀವು ಬಾಯಿ ತಗದಿಲ್ಲಂದ್ರಿ."

"ತಗದಿಲ್ಲ."

"ಮತ್ತ ರಾತ್ರಿ ಮೈಕ್ ಹಚ್ಚಿದ್ರೇನು?"

"ಮೈಕ್ ನಿನ್ನ ಹಂತೇಲೆ ಐತಲ್ಲೋ ಮುಜೀಬ."

ಅವನು ತಿರುಗಿ ಕಪಾಟಿನ ಮೇಲೆ ನೋಡಿದ. ಮೈಕು ಡಬ್ಬಿಯಲ್ಲೇ ಇತ್ತು, ಡಬ್ಬಿಯ ಮೇಲೆ ಧೂಳು ಕೂತಿತ್ತು. ಆಮೇಲೆ ಮತ್ತೆ ಹಚ್ಚಿ ಇಬ್ಬರೂ ಪದವನ್ನು ಕೊನೆಯವರೆಗೂ ಕೇಳಿದರು. 'ಮತ್ಯಾರಿಲ್ಲ' ಅನ್ನುವ ಮಾತು ಅದರಲ್ಲಿ ಎಲ್ಲಿಯೂ ಬರಲಿಲ್ಲ.

ಯಾಕ್ರಪ್ಪಾ, ಹಾಗೆ ನೋಡುತ್ತೀರಿ? ನಾನೇನು ಬೇರೆಯವರ ಬಾಯಿಂದ ಕೇಳಿ ಹೇಳುತ್ತಿಲ್ಲ. ಹೇಮಿ ಈಗಲೂ ಸಂಜೆ ಆ ಪದ ಹಚ್ಚಿಕೊಂಡೇ ಉಣ್ಣುತ್ತಾಳೆ, ನಲ್ಲಿ ಬಿಡಲು ಏಳುವುದಿಲ್ಲ. ಅವಳ ಪಕ್ಕದಲ್ಲಿ ಕೂತು ಈ ಎರಡು ಕಿವಿಯಿಂದ ನಾನೂ ಕೇಳಿದ್ದೇನೆ. ಅವಳ ದನಿ ಇದೆ. ಜುರು ಜುರು ಅನ್ನುವ ಕಾಳಿನ ಸದ್ದಿದೆ. ಅವಳ ಬಳೆಯ ಸದ್ದಿದೆ. ಆದರೆ ಅಷ್ಟು ಹೊತ್ತು ಬಡಕೊಂಡಿತ್ತಲ್ಲ ಆ ಯುಪಿಎಸ್... ಅದರ ಒಂದು ಪೀಂ ಕೂಡ ಅದರಲ್ಲಿಲ್ಲ. ಅದರಲ್ಲಿರುವುದು ಹೋದ ವರ್ಷದ ಆ ಬೆಳಗಿನ ಕೋಳಿಯ ಕೂಗು.